ಕತಿ ಬರ್ದೀವಿ, ಇನ್ನ ಯಾರಿಗೆ ತೋರ್ಸೋದು?

ಫೋನಿನ ನೋಟ್ಸ್‌ನಲ್ಲಿ ಅರ್ಧ ಬರೆದ ಕತೆ ಇಟ್ಟುಕೊಂಡವರು ಎಷ್ಟು ಜನ ಇದ್ದೀರಿ ಅಂತ ಕನ್ನಡ ಸಂಘದಲ್ಲಿ ಒಮ್ಮೆ ಕೇಳಿದ್ವಿ. ಕೈ ಎತ್ತಿದವರು ಇಬ್ಬರು. ಆದರೆ ಆ ರಾತ್ರಿ "ನಂದೂ ಒಂದೈತಿ, ಯಾರಿಗೂ ಹೇಳಬ್ಯಾಡ್ರಿ" ಅಂತ ಮೆಸೇಜ್ ಮಾಡಿದವರು ಹನ್ನೊಂದು. ಎಲ್ಲರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. ಕತೆ ಚೆನ್ನಾಗಿದೆಯೋ ಇಲ್ಲವೋ ಯಾರು ಹೇಳ್ತಾರೆ? ಚೆನ್ನಾಗಿದ್ದರೆ ಎಲ್ಲಿಗೆ ಕಳಿಸೋದು? ಇಂಗ್ಲಿಷ್‌ನಲ್ಲಿ ಇದಕ್ಕೆಲ್ಲ ದಾರಿ ಇದೆ, ಕನ್ನಡದಲ್ಲಿ ಏನೂ ಇಲ್ಲ ಅನ್ನೋ ಮಾತು ಆ ಹನ್ನೊಂದರಲ್ಲಿ ಏಳು ಮೆಸೇಜುಗಳಲ್ಲಿತ್ತು. ಅದು ನಿಜ ಅಲ್ಲ. ಕನ್ನಡದಲ್ಲಿ ಸಾಕಷ್ಟಿದೆ, ಒಂದೇ ಕಡೆ ಬರೆದಿಟ್ಟಿಲ್ಲ ಅಷ್ಟೇ. ಹಾಗಾಗಿ ಈ ಲೇಖನ.

ನಾವು ಅಂದರೆ ಜವಳಗೇರಾ, ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಾಲ್ಕು ಜನ. ಎಲ್ಲರೂ ಇಂಗ್ಲಿಷ್ ಮೀಡಿಯಂ. ಜವಳಗೇರಾದಲ್ಲಿ ಬೀಜ, ಗೊಬ್ಬರ, ಎಣ್ಣೆ ಎಲ್ಲ ಕೇಳಿದ ತಕ್ಷಣ ಸಿಗುತ್ತೆ. ಕತೆ ಪುಸ್ತಕ ಬೇಕಂದ್ರೆ ಬಸ್ ಹತ್ತಬೇಕು. ಆದರೆ ಕತೆಗೆ ಬೇಕಾದ ಸರಕಿನಲ್ಲಿ ನಮ್ಮ ಕಡೆಯವರು ಯಾರಿಗೂ ಕಮ್ಮಿ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ನೀರಿಗಾಗಿ ನಡೆಯೋ ಜಗಳ, ಕೇಂದ್ರ ಸರ್ಕಾರದ ದೊಡ್ಡ ಬೀಜದ ಫಾರಂ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳು, ತಾಂಡಾಗಳು. ಒಂದೇ ಟಂಟಂನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಐದೂ ಕಿವಿಗೆ ಬೀಳೋ ಊರುಗಳು ಕರ್ನಾಟಕದಲ್ಲಿ ಎಷ್ಟಿರಬಹುದು? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಪೇಪರ್‌ಗಳಲ್ಲಿ ಗೇಟಿನ ಬಗ್ಗೆ ಎಲ್ಲ ಬಂತು. ಆ ರಾತ್ರಿ ಭತ್ತ ನಾಟಿ ಮಾಡಿದ್ದ ಒಂದು ಮನೆಯೊಳಗೆ ಏನು ಮಾತಾಯ್ತು ಅನ್ನೋದು ಬರಲಿಲ್ಲ. ಅದು ಪೇಪರಿನವರ ಕೆಲಸವೂ ಅಲ್ಲ, ಕತೆ ಬರೆಯೋರ ಕೆಲಸ.

(ಇನ್ನೊಂದು ಮಾತು. ಅಶೋಕ ಅನ್ನೋ ಹೆಸರು ನೇರವಾಗಿ ಇರೋ ಮಸ್ಕಿ ಶಾಸನವನ್ನ 1915ರಲ್ಲಿ ಪತ್ತೆ ಮಾಡಿದ ಸಿ. ಬೀಡನ್ ಚಿನ್ನದ ಗಣಿಯ ಇಂಜಿನಿಯರ್. ಇಂಜಿನಿಯರಿಗೂ ಬರಹಕ್ಕೂ ಏನು ಸಂಬಂಧ ಅಂತ ಕೇಳೋರಿಗೆ ನಮ್ಮ ಕಡೆಯವರು ಕೊಡಬಹುದಾದ ಉತ್ತರ ಇದು.)

ಮೊದಲ ಓದುಗರು

ಕತೆ ಮುಗಿದ ತಕ್ಷಣ ಪತ್ರಿಕೆಗೆ ಕಳಿಸೋ ಆಸೆ ಆಗುತ್ತೆ. ಆದರೆ ಪತ್ರಿಕೆಯಿಂದ ನಿಮಗೆ ಫೀಡ್‌ಬ್ಯಾಕ್ ಸಿಗಲ್ಲ. ಅಲ್ಲಿ ಒಬ್ಬ ಸಂಪಾದಕರ ಮುಂದೆ ರಾಶಿ ಕತೆಗಳಿರ್ತವೆ. ತಗೋತಾರೆ ಇಲ್ಲವೇ ತಗೊಳ್ಳಲ್ಲ, ಯಾಕೆ ಅಂತ ಹೇಳೋಕೆ ಪುರುಸೊತ್ತಿರಲ್ಲ. ಹಾಗಾಗಿ ಕತೆ ಸುಧಾರಿಸೋ ಕೆಲಸ ಅದಕ್ಕೆ ಮುಂಚೆಯೇ, ಬೇರೆ ಜನರ ಜೊತೆ ಆಗಬೇಕು.

ಇದು ಹೊಸ ವಿಷಯವೇನಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿದ್ದು ನೂರು ವರ್ಷದ ಹಿಂದೆ. ಅದೇ ಊರಿನಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಕೂತು ಮಾತಾಡ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾಗಿದ್ದು ಅಲ್ಲಿಂದಲೇ. ಅಟ್ಟ ಅಂದರೆ ಏನು? ಒಂದು ಕೋಣೆ, ಒಂದಿಷ್ಟು ಚಹಾ, ನಿಮ್ಮ ಬರಹವನ್ನ ಗಂಭೀರವಾಗಿ ತಗೊಳ್ಳೋ ನಾಲ್ಕು ಜನ. ಹಾಸ್ಟೆಲ್ ರೂಮಿನಲ್ಲಿ ಇದರಲ್ಲಿ ಯಾವುದು ಇಲ್ಲ ಹೇಳಿ?

ಕಷ್ಟ ಇರೋದು ಕೇಳೋ ರೀತಿಯಲ್ಲಿ. "ಹೆಂಗೈತಿ?" ಅಂತ ಕೇಳಿದರೆ "ಮಸ್ತ್ ಐತಿ ದೋಸ್ತ" ಅನ್ನೋ ಉತ್ತರ ಬರುತ್ತೆ. ಅದರಿಂದ ಖುಷಿ ಆಗುತ್ತೆ, ಕತೆಗೆ ಏನೂ ಆಗಲ್ಲ. ನಾವು ಈಗ ಓದೋರಿಗೆ ಮೂರೇ ಪ್ರಶ್ನೆ ಕೇಳ್ತೀವಿ. ಓದ್ತಾ ಓದ್ತಾ ಎಲ್ಲಿ ಫೋನ್ ನೋಡಬೇಕು ಅನ್ನಿಸ್ತು? ಯಾವ ಜಾಗದಲ್ಲಿ ಯಾರು ಮಾತಾಡ್ತಿದ್ದಾರೆ ಅಂತ ಗೊಂದಲ ಆಯ್ತು? ಓದಿ ಒಂದು ದಿನ ಆದ ಮೇಲೆ ಯಾವುದು ನೆನಪಲ್ಲಿ ಉಳೀತು? ಓದೋರು ಸಾಹಿತ್ಯ ವಿಮರ್ಶಕರಾಗಿರಬೇಕಿಲ್ಲ, ಇದಕ್ಕೆಲ್ಲ ಉತ್ತರ ಕೊಡಬಹುದು. ಹೆಂಗೆ ಸರಿ ಮಾಡಬೇಕು ಅಂತ ಅವರು ಹೇಳಿದರೆ ಅದನ್ನ ಅರ್ಧ ಮಾತ್ರ ಕೇಳಿ. ಎಲ್ಲಿ ತಪ್ಪಿದೆ ಅಂತ ಹೇಳಿದರೆ ಪೂರ್ತಿ ಕೇಳಿ. ಬಗ್ ರಿಪೋರ್ಟ್ ಕೊಟ್ಟ ಯೂಸರ್ ಹತ್ತಿರ ನಾವು ಕೋಡ್ ಬರೆಸಲ್ಲ ಅಲ್ವಾ, ಹಂಗೆ.

ಒಂದು ಉದಾಹರಣೆ. ನಮ್ಮ ಗುಂಪಿನ ಜವಳಗೇರಾದ ಹುಡುಗ ಒಂದು ಕತೆ ಬರೆದ. ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರೋ ಒಬ್ಬ ರೈತ ರಾತ್ರಿ ತೂಬಿನ ಹತ್ತಿರ ನೀರು ಕಾಯ್ತಾ ಕೂತಿರ್ತಾನೆ. ಮೇಲಿನ ಹೊಲದವನು ಇವನ ತಮ್ಮನೇ. ನಾವೆಲ್ಲ ಓದಿ ಹೊಗಳಿದ್ವಿ. ಮೊದಲ ಒಂದು ಪುಟ ಪೂರ್ತಿ ಚಂದ್ರ, ಮೋಡ, ರೈತನ ಬದುಕು ಎಷ್ಟು ಕಷ್ಟ ಅನ್ನೋ ಮಾತು ಇತ್ತು. ಆ ಪುಟದಲ್ಲೇ ಇಬ್ಬರು ಫೋನ್ ನೋಡಿದ್ದು ಆಮೇಲೆ ಗೊತ್ತಾಯ್ತು, ಅದನ್ನ ಕಿತ್ತು ಹಾಕಿದ. ಅಷ್ಟರಲ್ಲಿ ರಜೆಗೆ ಊರಿಗೆ ಹೋಗಿದ್ದಾಗ ಅವರ ಸೋದರಮಾವನಿಗೆ ಓದಿ ಹೇಳಿದನಂತೆ. ಮಾವ ಸುಮ್ಮನೆ ಕೇಳಿ ಕೊನೆಗೆ ಒಂದೇ ಮಾತು ಅಂದರು: "ಅಳಿಯಾ, ನಿನ್ನ ಕತ್ಯಾಗ ಯಾವ ತಿಂಗಳು?" ಮೇ ತಿಂಗಳು ಅಂದ. "ಮೇ ತಿಂಗಳಾಗ ಕಾಲುವ್ಯಾಗ ನೀರೆಲ್ಲಿರ್ತಾವೋ?"

ಕತೆಯ ಅಡಿಪಾಯವೇ ಅಲುಗಾಡಿತು. ಬೇಸಿಗೆಯಲ್ಲಿ ಕಾಲುವೆ ಒಣಗಿರುತ್ತೆ. ಡ್ಯಾಮು ತುಂಬಿ ನೀರು ಬಿಡೋದು ಮಳೆಗಾಲ ಶುರುವಾದ ಮೇಲೆ. ತಿಂಗಳು ಬದಲಾಯಿಸಿದರೆ ಬೆಳೆಯ ಹಂತ ಬದಲಾಗುತ್ತೆ, ಬೆಳೆ ಬದಲಾದರೆ ತಮ್ಮನ ಮೇಲಿನ ಸಿಟ್ಟಿಗೆ ಕಾರಣವೂ ಬದಲಾಗುತ್ತೆ. ಅವನು ಕತೆಯನ್ನ ಎರಡನೇ ಬೆಳೆಯ ಕೊನೆಯ ದಿನಗಳಿಗೆ ಒಯ್ದ. ತೆನೆ ಕಟ್ಟೋ ಹೊತ್ತು, ಇನ್ನು ಒಂದೇ ಒಂದು ನೀರು ಸಿಕ್ಕರೆ ಸಾಕು, ಆದರೆ ಕಾಲುವೆ ಬಂದ್ ಆಗೋ ದಿನ ಹತ್ತಿರ ಬಂದಿದೆ. ಈಗ ಆ ರಾತ್ರಿಗೆ ನಿಜವಾದ ಗಡುವು ಬಂತು. ಬೆಂಗಳೂರಿನ ಯಾವ ವರ್ಕ್‌ಶಾಪ್‌ನಲ್ಲೂ ಈ ಫೀಡ್‌ಬ್ಯಾಕ್ ಸಿಗ್ತಿರಲಿಲ್ಲ. ಹಾಗಾಗಿ ನಿಮ್ಮ ಓದುಗರಲ್ಲಿ ಒಬ್ಬರು ಓದೋ ಹುಚ್ಚಿನವರು, ಒಬ್ಬರು ಕತೆ ನಡೆಯೋ ಲೋಕ ಗೊತ್ತಿರೋರು ಇರಲಿ. ಎರಡನೆಯವರಿಗೆ ಓದೋಕೆ ಬರದಿದ್ದರೂ ನಡೆಯುತ್ತೆ, ನೀವು ಜೋರಾಗಿ ಓದಿ. ಜೋರಾಗಿ ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ವಾಕ್ಯ ಸರಿ ಇರಲ್ಲ, ಅದೂ ಪುಕ್ಕಟೆ ಸಿಗೋ ಟೆಸ್ಟ್.

ಭಾಷೆ ಬಗ್ಗೆ ನಮ್ಮ ಕಡೆಯ ಹುಡುಗರಿಗೆ ಒಂದು ಅಂಜಿಕೆ ಇದೆ. 'ಐತಿ', 'ಹಂಗ', 'ಬ್ಯಾಡ' ಬರೆದರೆ ತಪ್ಪು ಕನ್ನಡ ಅಂತಾರೇನೋ ಅಂತ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಕಡೆಯ ಆಡುಮಾತಿನಲ್ಲೇ ಇದೆ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ರಾಯಚೂರು ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ ಕತೆಗಳನ್ನ ಓದಿ. ಅವರ 'ಸವಾರಿ' ಕತೆಯನ್ನ ಆಧರಿಸಿ ಗಿರೀಶ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಸಿನಿಮಾ ಮಾಡಿದ್ದಾರೆ. ಊರಿನ ಮಾತು ಅಡ್ಡಿ ಅಲ್ಲ. ಅಡ್ಡಿ ಆಗೋದು ಅರ್ಧ ಪುಟ ಊರಿನ ಮಾತು, ಅರ್ಧ ಪುಟ ಟಿವಿ ಸೀರಿಯಲ್ ಮಾತು ಅಂತ ಕಲಸಿದಾಗ. ಹಾಗೇ ಎಐ ಬಳಸಿ ಕಾಗುಣಿತ ತಿದ್ದಿಸೋರು ಒಂದು ನೋಡಿಕೊಳ್ಳಿ. ಅದು ಹೇಳದೇ ಕೇಳದೇ 'ಐತಿ'ಯನ್ನ 'ಇದೆ' ಮಾಡಿಬಿಡುತ್ತೆ, ಅಜ್ಜಿ ಇದ್ದಕ್ಕಿದ್ದಂತೆ ನ್ಯೂಸ್ ಓದೋ ಹಾಗೆ ಮಾತಾಡ್ತಾಳೆ.

ಕ್ಯಾಂಪಸ್ ಆಚೆ ಕಲಿಯಬೇಕು ಅನ್ನೋರಿಗೆ ಕಮ್ಮಟಗಳಿವೆ. ಕರ್ನಾಟಕ ಸಾಹಿತ್ಯ ಅಕಾಡೆಮಿ ಆಗಾಗ ಕಥಾ ಕಮ್ಮಟ ನಡೆಸುತ್ತೆ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಬರೆಯೋರು, ಓದೋರು, ನಾಟಕದವರು ಎಲ್ಲ ಬರ್ತಾರೆ. ಇಂಟರ್ನಲ್ಸ್ ಡೇಟ್ ನೋಡಿಕೊಂಡು ಅಪ್ಲೈ ಮಾಡಿ, ಅಷ್ಟೇ ನಮ್ಮ ಸಲಹೆ.

ಎಲ್ಲಿಗೆ ಕಳಿಸೋದು

ಬಿಡಿ ಕತೆಗೆ ಮೊದಲ ಬಾಗಿಲು ಇವತ್ತಿಗೂ ಪತ್ರಿಕೆಗಳೇ. ಮಯೂರ, ತುಷಾರದಂಥ ಮಾಸಿಕಗಳು, ಸುಧಾ, ತರಂಗದಂಥ ಪತ್ರಿಕೆಗಳು, ಭಾನುವಾರದ ಪುರವಣಿಗಳು ಹೊಸಬರ ಕತೆ ಹಾಕ್ತಾವೆ. ಕಳಿಸೋ ಮುಂಚೆ ಆ ಪತ್ರಿಕೆಯ ಕೊನೆಯ ಮೂರು ಸಂಚಿಕೆ ಓದಿ. ಅವರು ಎಷ್ಟು ಉದ್ದದ ಕತೆ ಹಾಕ್ತಾರೆ ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಐದು ಸಾವಿರ ಪದದ ಕತೆಯನ್ನ ಅರ್ಧ ಪುಟದ ಪುರವಣಿಗೆ ಕಳಿಸಿ ಬರಲಿಲ್ಲ ಅಂತ ಕೊರಗೋದು ವೇಸ್ಟ್. ಆನ್‌ಲೈನ್‌ನಲ್ಲಿ ಕೆಂಡಸಂಪಿಗೆ, ಅವಧಿಯಂಥ ಜಾಲತಾಣಗಳಿವೆ. ಪ್ರತಿಲಿಪಿಯಲ್ಲಿ ಸಂಪಾದಕರ ಕಾಟ ಇಲ್ಲದೇ ನೀವೇ ಹಾಕಬಹುದು, ಓದುಗರೂ ಸಿಗ್ತಾರೆ. ಆದರೆ ಸಂಪಾದಕರ ಕಾಟ ಇಲ್ಲದಿರೋದೇ ಅದರ ಕೊರತೆ ಅಂತ ನಮ್ಮ ಅಭಿಪ್ರಾಯ.

ಸ್ಪರ್ಧೆಗಳಲ್ಲಿ ದೊಡ್ಡ ಹೆಸರು ಪ್ರಜಾವಾಣಿ ದೀಪಾವಳಿ ಕಥಾ ಸ್ಪರ್ಧೆ. ಇವತ್ತಿನ ಎಷ್ಟೋ ಕತೆಗಾರರು ಮೊದಲು ಕಣ್ಣಿಗೆ ಬಿದ್ದಿದ್ದು ಅಲ್ಲಿ. ಬುಕ್ ಬ್ರಹ್ಮದವರು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಕತೆ ಮತ್ತು ಕಾದಂಬರಿಗೆ ಸ್ಪರ್ಧೆ ಇಡ್ತಾರೆ. ನಮ್ಮ ಕಲ್ಯಾಣ ಕರ್ನಾಟಕದವರು ಮರೆಯಬಾರದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗ ನಡೆಸೋ ಜಯತೀರ್ಥ ರಾಜಪುರೋಹಿತ ಸ್ಮಾರಕ ರಾಜ್ಯೋತ್ಸವ ಕಥಾ ಸ್ಪರ್ಧೆ. ಟೋಟೋ ಫಂಡ್ಸ್ ದಿ ಆರ್ಟ್ಸ್ ಅನ್ನೋ ಬೆಂಗಳೂರಿನ ಸಂಸ್ಥೆ 18ರಿಂದ 29 ವರ್ಷದವರಿಗೆ ಕನ್ನಡ ಸೃಜನಶೀಲ ಬರವಣಿಗೆಗೆ ಪ್ರಶಸ್ತಿ ಕೊಡುತ್ತೆ. ನಮ್ಮ ವಯಸ್ಸಿಗೆ ಸರಿಯಾಗಿ ಕೂರೋದು ಅದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗ್ತವೆ, ಹಾಗಾಗಿ ಹಳೆ ಪ್ರಕಟಣೆಯ ಸ್ಕ್ರೀನ್‌ಶಾಟ್ ನಂಬಬೇಡಿ.

ನಿಯಮಗಳಲ್ಲಿ ಎಲ್ಲ ಕಡೆ ಬರೋ ಒಂದು ಪದ 'ಅಪ್ರಕಟಿತ'. ಇದರ ಅರ್ಥ ಪುಸ್ತಕದಲ್ಲಿ ಬಂದಿರಬಾರದು ಅಂತಷ್ಟೇ ಅಲ್ಲ. ಫೇಸ್‌ಬುಕ್‌ನಲ್ಲಿ ಹಾಕಿದ್ದರೂ, ಪ್ರತಿಲಿಪಿಯಲ್ಲಿ ಇದ್ದರೂ ಅದು ಪ್ರಕಟಿತ ಅಂತ ಲೆಕ್ಕ ಹಾಕಬಹುದು. ನಮ್ಮ ಈ ಪತ್ರಿಕೆಯಲ್ಲಿ ಬಂದರೂ ಹಾಗೇ. ಸಂಪಾದಕರಿಗೆ ಈ ಮಾತು ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳಲೇಬೇಕು: ನಿಮ್ಮ ಅತ್ಯುತ್ತಮ ಕತೆಯನ್ನ ಮೊದಲು ಹೊರಗೆ ಕಳಿಸಿ, ಎರಡನೇದನ್ನ ನಮಗೆ ಕೊಡಿ. ಒಂದೇ ಕತೆಯನ್ನ ಒಂದೇ ಸಲಕ್ಕೆ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಇಬ್ಬರು ಸಂಪಾದಕರೂ ನಿಮ್ಮ ಹೆಸರು ನೆನಪಿಟ್ಟುಕೊಳ್ತಾರೆ, ಬೇಡದ ಕಾರಣಕ್ಕೆ. ಉತ್ತರ ಬರದಿದ್ದರೆ ಮೂರು ತಿಂಗಳು ಕಾದು, 'ಈ ಕತೆಯನ್ನ ವಾಪಸ್ ತಗೋತಿದ್ದೀನಿ' ಅಂತ ಒಂದು ಸಾಲಿನ ಮೇಲ್ ಹಾಕಿ ಬೇರೆ ಕಡೆ ಕಳಿಸಿ.

ಫೈಲ್ ವಿಷಯ ಇಂಜಿನಿಯರಿಂಗ್‌ನವರಿಗೆ ಹೇಳಬೇಕಿಲ್ಲ ಅಂದುಕೊಂಡಿದ್ವಿ, ಹೇಳಬೇಕು ಅನ್ನೋದು ಆಮೇಲೆ ಗೊತ್ತಾಯ್ತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಮತ್ತು ಇತರ ಚಿಹ್ನೆಗಳ ಕೋಡ್ ಜಾಗದಲ್ಲಿ ಕೂರಿಸಿರ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ನಿಮ್ಮ ಕತೆ ಪೂರ್ತಿ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಕೋಡ್ ಜಾಗಗಳ ಬ್ಲಾಕ್ ಇದೆ, ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತೆ. ಫೋನ್ ಕೀಬೋರ್ಡ್‌ನಲ್ಲಿ ಬರೆದಿದ್ದು ಯುನಿಕೋಡ್. ಕೆಲವು ಪತ್ರಿಕೆ, ಪ್ರಕಾಶಕರು ಪುಟ ವಿನ್ಯಾಸದ ಕಾರಣಕ್ಕೆ ಇನ್ನೂ ನುಡಿಯಲ್ಲೇ ಕೇಳ್ತಾರೆ. ಎರಡರ ನಡುವೆ ಬದಲಾಯಿಸೋ ಕನ್ವರ್ಟರ್‌ಗಳು ಉಚಿತವಾಗಿ ಸಿಗ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಸರಿ ಇದೆಯಾ ಒಮ್ಮೆ ನೋಡಿ, ಜೊತೆಗೆ ಒಂದು ಪಿಡಿಎಫ್ ಸೇರಿಸಿ. ಅಂಚೆಯಲ್ಲೇ ಕಳಿಸಿ ಅನ್ನೋ ಸ್ಪರ್ಧೆಗಳಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಪುಸ್ತಕದ ಆಸೆ

ಎಂಟು ಹತ್ತು ಕತೆ ಆದ ಮೇಲೆ ಪುಸ್ತಕದ ಯೋಚನೆ ಬರುತ್ತೆ. ಇಲ್ಲಿ ನಮ್ಮ ಕ್ಷೇತ್ರದವರೊಬ್ಬರ ಹೆಸರು ಹೇಳಲೇಬೇಕು. ಸಂಡೂರಿನ ವಸುಧೇಂದ್ರ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ಅವರು ಶುರು ಮಾಡಿದ ಛಂದ ಪುಸ್ತಕ ಪ್ರಕಾಶನ, ಇನ್ನೂ ಒಂದೂ ಕಥಾ ಸಂಕಲನ ತರದವರಿಗೆ ಹಸ್ತಪ್ರತಿ ಸ್ಪರ್ಧೆ ನಡೆಸುತ್ತೆ. ಆಯ್ಕೆಯಾದ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪುಸ್ತಕವನ್ನೂ ಅವರೇ ತರ್ತಾರೆ. ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ' ಆ ದಾರಿಯಲ್ಲಿ ಬಂದ ಪುಸ್ತಕ, ಆಮೇಲೆ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಸಿಕ್ಕಿತು. ಈ ಯುವ ಪುರಸ್ಕಾರ ನಮ್ಮ ಭಾಗಕ್ಕೆ ಹೊಸದಲ್ಲ. 2012ರಲ್ಲಿ ರಾಯಚೂರು ಜಿಲ್ಲೆಯ ಕವಿ ಆರಿಫ್ ರಾಜಾ, 2023ರಲ್ಲಿ ಪಕ್ಕದ ಕೊಪ್ಪಳ ಕಡೆಯ ಮಂಜುನಾಯಕ ಚಳ್ಳೂರು 'ಫೂ ಮತ್ತು ಇತರ ಕತೆಗಳು' ಸಂಕಲನಕ್ಕೆ ಪಡೆದಿದ್ದಾರೆ.

ಎರಡನೇ ದಾರಿ ಸರ್ಕಾರದ್ದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ, 18 ತುಂಬಿದವರು ಹಸ್ತಪ್ರತಿ ಕಳಿಸಬಹುದು. 'ಚೊಚ್ಚಲ' ಅನ್ನೋದನ್ನ ಗಮನಿಸಿ. ಈಗ ಅವಸರಕ್ಕೆ ಬಿದ್ದು ಒಂದು ತೆಳು ಪುಸ್ತಕ ಮಾಡಿಸಿಬಿಟ್ಟರೆ ಈ ಎರಡೂ ಬಾಗಿಲು ಮುಚ್ಚಿಹೋಗ್ತವೆ.

ಅವಸರಪಡಿಸೋರೂ ಇದ್ದಾರೆ. ನಮ್ಮ ಪರಿಚಯದ ಡಿಗ್ರಿ ಓದೋ ಹುಡುಗಿಯೊಬ್ಬಳಿಗೆ 'ನಿಮ್ಮ ಕತೆ ಆಯ್ಕೆಯಾಗಿದೆ' ಅಂತ ಫೋನ್ ಬಂತು. ಆಮೇಲೆ ಮೂವತ್ತು ಸಾವಿರ ಕೇಳಿದರು. ಅವರಪ್ಪ ಭತ್ತ ಮಾರಿದ ದುಡ್ಡಿನಲ್ಲಿ ಕೊಟ್ಟರು. ಪುಸ್ತಕ ಬಂತು, ಬೆನ್ನುಪುಟದಲ್ಲಿ ಅವಳ ಹೆಸರೇ ತಪ್ಪಾಗಿತ್ತು. ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಇನ್ನೂರು ಪ್ರತಿ ಮನೆಯಲ್ಲಿ ಬೀಜದ ಚೀಲದ ಪಕ್ಕ ಕೂತಿವೆ. ಅವಳು ಬರೆಯೋದನ್ನ ನಿಲ್ಲಿಸಿದ್ದಾಳೆ. ದುಡ್ಡಿಗಿಂತ ದೊಡ್ಡ ನಷ್ಟ ಅದು.

ಸ್ವಂತ ಖರ್ಚಿನಲ್ಲಿ ಪುಸ್ತಕ ತರೋದು ತಪ್ಪು ಅಂತ ನಾವು ಹೇಳ್ತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಆದರೆ ಅದು ಸ್ವಂತ ಖರ್ಚು ಅನ್ನೋದು ಮೊದಲೇ ಗೊತ್ತಿರಬೇಕು, 'ಆಯ್ಕೆ' ಅನ್ನೋ ಬಣ್ಣ ಹಚ್ಚಿರಬಾರದು. ಯಾರಾದರೂ ದುಡ್ಡು ಕೇಳಿದರೆ ಎಷ್ಟು ಪ್ರತಿ, ಯಾವ ಕಾಗದ, ಕರಡು ಯಾರು ತಿದ್ದುತ್ತಾರೆ, ಯಾವ ಅಂಗಡಿಗೆ ಹೋಗುತ್ತೆ ಅನ್ನೋದನ್ನ ಬರವಣಿಗೆಯಲ್ಲಿ ಕೇಳಿ. ಸಿಂಧನೂರಿನ ಯಾವುದೇ ಪ್ರಿಂಟಿಂಗ್ ಪ್ರೆಸ್‌ಗೆ ಹೋಗಿ ಅಷ್ಟೇ ಪುಟಕ್ಕೆ ರೇಟು ಕೇಳಿ ಹೋಲಿಸಿ. ಐಎಸ್‌ಬಿಎನ್‌ಗೆ ಅಂತ ಬೇರೆ ಚಾರ್ಜ್ ಹಾಕಿದರೆ ಎದ್ದು ಬನ್ನಿ, ಭಾರತದಲ್ಲಿ ಅದನ್ನ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತೆ. ಕಾಪಿರೈಟ್ ಮಾಡಿಸಿಕೊಡ್ತೀವಿ ಅನ್ನೋದೂ ಹಾಗೇ. 1957ರ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಲೇಖಕರು ಬದುಕಿರೋವರೆಗೆ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತೆ. ಸಹಿ ಮಾಡೋ ಕಾಗದದಲ್ಲಿ 'ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ' ಅನ್ನೋ ಸಾಲಿದ್ದರೆ ಪೆನ್ ಕೆಳಗಿಡಿ. ಆಡಿಯೋ, ಅನುವಾದ, ಸಿನಿಮಾ ಹಕ್ಕು ನಿಮ್ಮ ಹತ್ತಿರವೇ ಇರಲಿ. ಅನುವಾದಕ್ಕೆ ಯಾರು ಬರ್ತಾರೆ ಅಂತ ನಗಬೇಡಿ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಿದ್ದು ಬಾನು ಮುಷ್ತಾಕ್ ಅವರ ಕನ್ನಡ ಸಣ್ಣ ಕತೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ.

ನಮ್ಮ ನಾಲ್ಕು ಜನರ ಅಟ್ಟ ಸದ್ಯಕ್ಕೆ ಹಾಸ್ಟೆಲಿನ ಟೆರೇಸ್ ಮೆಟ್ಟಿಲು. ಎರಡನೇ ಮತ್ತು ನಾಲ್ಕನೇ ಶನಿವಾರ ಸಂಜೆ ಮೆಸ್ ಚಹಾ ಆದ ಮೇಲೆ ಕೂರ್ತೀವಿ. ಬರೋರು ಕತೆಯ ಎರಡು ಪ್ರಿಂಟ್ ತನ್ನಿ, ಹೆಸರು ಹಾಕದಿದ್ದರೂ ನಡೆಯುತ್ತೆ. ಮೆಸೇಜ್ ಮಾಡಿದ ಹನ್ನೊಂದು ಜನರಲ್ಲಿ ಇಲ್ಲಿವರೆಗೆ ಮೂವರು ಬಂದಿದ್ದಾರೆ.